ಮುಂದಿನ ಚಕ್ರಗಳು ಸಾಲಾಗಿವೆಯೇ?

ತುಮಕೂರಿನಿಂದ ಕಳ್ಳಂಬೆಳ್ಳದ ಮಾರ್ಗವಾಗಿ ಶಿರಾಕ್ಕೆ ಹೆದ್ದಾರಿಯಲ್ಲಿ ಸುಮಾರು 50 ಕಿಲೊಮೀಟರು ದೂರ. ಈ ದಾರಿಯನ್ನು ಕ್ರಮಿಸುವ ಕಾರಿನ ಮುಂದಿನ ಚಕ್ರವು ಉರುಳುವುದರೊಡನೆ ಕಾಲು ಕಿಲೊಮೀಟರಿನಷ್ಟು ಅಡ್ಡಲಾಗಿಯೂ ಎಳೆಯಲ್ಪಡಬಹುದೆಂದರೆ ಅನೇಕರಿಗೆ ಆಶ್ಚರ್ಯವಾದೀತು. ಇದಕ್ಕೆ ಆರು ಮಿಲಿಮೀಟರಿನ ವ್ಯತ್ಯಾಸವೇ ಸಾಕು. ಅದು ಹೇಗೆಂಬುದನ್ನು ವಿಚಾರಿಸೋಣ.

ಎತ್ತಿನ ಗಾಡಿಯ ಎರಡು ಚಕ್ರಗಳೂ ಒಂದೇ ಅಚ್ಚಿನ ಮೇಲೆ ತಿರುಗುವುದರಿಂದ ಸದಾ ಸಮಾಂತರವಾಗಿರುತ್ತವೆ. ಕಾರಿನಲ್ಲಿ ಹಾಗಲ್ಲ. ತಿರುವಿನಲ್ಲಿ ಒಳಬದಿಯ ಚಕ್ರವು ಹೊರಬದಿಯದಕ್ಕಿಂತ ಹೆಚ್ಚು ಹೊರಳಬೇಕು. ಆದಕಾರಣ ಮುಂದಿನ ಚಕ್ರಗಳು ಬೇರೆ ಬೇರೆಯಾಗಿ ಹೊರಳುವಂತೆ ಜೋಡಿಸಲ್ಪಟ್ಟಿವೆ. ಕುದುರೆಗಾಡಿಗಳಿಗೆ ಇಂತಹ ಏರ್ಪಾಟಿಗಾಗಿ ರುಡಾಲ್ಫ್ ಆಕರ್ಮನ್ ಇಂಗ್ಲೆಂಡಿನಲ್ಲಿ 1818ರಲ್ಲಿ ಪೇಟೆಂಟ್ ಪಡೆದನು. ಚಕ್ರಗಳ ದಿಕ್ಕನ್ನು ಹಿಡಿದಿಡುವುದು ಟೈ ರಾಡ್ ಎಂಬ ಸರಳು. ಅದರ ಉದ್ದ ಕೊಂಚ ಬದಲಾದರೂ ಸಮಾಂತರತೆ ಬದಲಾಗುತ್ತದೆ. ಚಕ್ರಗಳ ಮುಂಬದಿಗಳು ಪರಸ್ಪರ ಸಮೀಪಿಸಿದ್ದರೆ ಟೋ-ಇನ್, ಅಗಲಿದ್ದರೆ ಟೋ-ಔಟ್ ಎನ್ನುತ್ತಾರೆ.

ಟೈರಿನ ವ್ಯಾಸ 600 ಮಿ.ಮೀ. ಇದ್ದು, ಹಿಂಬದಿಯ ಅಂತರಕ್ಕೂ ಮುಂಬದಿಯ ಅಂತರಕ್ಕೂ 6 ಮಿ.ಮೀ. ವ್ಯತ್ಯಾಸವಿದೆ ಎನ್ನೋಣ. ಪ್ರತಿ ಚಕ್ರದ ಪಾಲು 3 ಮಿ.ಮೀ., ಎಂದರೆ 200ಕ್ಕೆ 1. ಕಿಲೊಮೀಟರಿಗೆ 5 ಮೀಟರಾದರೆ 50 ಕಿಲೊಮೀಟರಿಗೆ 250 ಮೀಟರಾಯಿತು! ರಬ್ಬರು ಬಾಗಿ ಇದರಲ್ಲಿ ಒಂದಂಶವನ್ನು ತಾಳಿಕೊಳ್ಳುತ್ತದೆ. ಉಳಿದುದು ಟೈರನ್ನು ಉಜ್ಜಿ ಸವೆಸುತ್ತದೆ. ಸವೆದ ಟೈರಿಗೆ ಮಳೆಯ ರಸ್ತೆಯಲ್ಲಿ ಹಿಡಿತ ಸಾಲದು.

ಈ ವ್ಯತ್ಯಾಸವನ್ನು ಮನೆಯಲ್ಲಿಯೇ ಅಳೆಯಬಹುದು. ಸಮತಟ್ಟಾದ ಗಟ್ಟಿ ನೆಲದ ಮೇಲೆ, ಟೈರುಗಳಲ್ಲಿ ನಿಯಮಿತ ಗಾಳಿ ತುಂಬಿ, ಸ್ಟೀರಿಂಗನ್ನು ನೇರವಾಗಿಟ್ಟು, ಕಾರನ್ನು ಸ್ವಲ್ಪ ಮುಂದಕ್ಕೆ ತಳ್ಳಿ ನಿಲ್ಲಿಸಬೇಕು. ಮುಂದಿನ ಎರಡು ಟೈರುಗಳ ಹಿಂಬದಿಯಲ್ಲಿ, ಅಚ್ಚಿನ ಎತ್ತರಕ್ಕೆ, ಪಟ್ಟಿಯ ನಡುವೆ ಸೀಮೆಸುಣ್ಣದ ಗುರುತು ಮಾಡಿ, ಅಲ್ಲಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಬಿಂದುಗಳನ್ನು ಗುರುತಿಸೋಣ. ಅನಂತರ ಕಾರನ್ನು ಚಕ್ರದ ಅರ್ಧ ಸುತ್ತಿನಷ್ಟು, ಎಂದರೆ ಸುಮಾರು 94 ಸೆಂ.ಮೀ., ಮುಂದಕ್ಕೆ ತಳ್ಳಿದರೆ ಅವೇ ಗುರುತುಗಳು ಮುಂಬದಿಗೆ ಅದೇ ಎತ್ತರಕ್ಕೆ ಬರುತ್ತವೆ. ಮತ್ತೆ ಗುಂಡು ಇಳಿಬಿಟ್ಟು ಬಿಂದುಗಳನ್ನು ಗುರುತಿಸಿ, ಕಾರನ್ನು ಸರಿಸಿ, ಎರಡು ಜೊತೆ ಬಿಂದುಗಳ ಅಂತರಗಳನ್ನೂ ಅಳೆಯಬೇಕು. ಅವೇ ಗುರುತುಗಳನ್ನು ಬಳಸುವುದರಿಂದ ಟೈರಿನ ಸೊಟ್ಟತನ ಲೆಕ್ಕವನ್ನು ಕೆಡಿಸಲಾರದು.

ವ್ಯತ್ಯಾಸ ಎಷ್ಟಿರಬೇಕೆಂಬುದನ್ನು ಕಾರಿನ ಕೈಪಿಡಿಯಿಂದ ತಿಳಿಯತಕ್ಕದ್ದು. ಎಲ್ಲ ಕಾರುಗಳಿಗೂ ಅದು ಒಂದೇ ಅಲ್ಲ. ಹಿಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ರಸ್ತೆಯ ತಡೆ ಮುಂದಿನ ಚಕ್ರಗಳನ್ನು ಅಗಲಿಸುತ್ತದೆಯಾದ್ದರಿಂದ ಕೊಂಚ ಟೋ-ಇನ್ ಇಡುವುದು ರೂಢಿ. ಮುಂದಿನ ಚಕ್ರಗಳಿಂದಲೇ ಓಡುವ ಕಾರಿನಲ್ಲಿ ಎಂಜಿನ್ನಿನ ಬಲ ಅವುಗಳನ್ನು ಒಳಕ್ಕೆ ಎಳೆಯುವುದರಿಂದ ಅದು ಸೊನ್ನೆಯ ಸಮೀಪದಲ್ಲಿರುವುದುಂಟು.

ತಿದ್ದುವಾಗ ಲಾಕ್ ನಟ್ ಸಡಿಲಿಸಿ, ಎರಡು ಕಡೆಯ ಟೈ ರಾಡುಗಳನ್ನೂ ಸಮನಾಗಿ ತಿರುಗಿಸಬೇಕು. ಇಲ್ಲವಾದರೆ ಸ್ಟೀರಿಂಗ್ ಓರೆಯಾಗುವುದು. ಸರಳು ಅಚ್ಚಿನ ಹಿಂದಿದ್ದರೆ ಅದನ್ನು ಉದ್ದಮಾಡಿದಷ್ಟೂ ಟೋ-ಇನ್ ಹೆಚ್ಚುತ್ತದೆ, ಮುಂದಿದ್ದರೆ ಕಡಮೆಯಾಗುತ್ತದೆ. ನಟ್ಟನ್ನು ಬಿಗಿಮಾಡಿ, ಕಾರನ್ನು ಉರುಳಿಸಿ, ಮರಳಿ ಅಳೆಯತಕ್ಕದ್ದು. ಕೇವಲ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಎಂದಿಗೂ ನುಸುಳಕೂಡದು. ಕೀಲುಗಳು ಅಲುಗಾಡುತ್ತಿದ್ದರೆ ಮೊದಲು ಅವನ್ನು ಬದಲಿಸಬೇಕು. ಸಡಿಲ ಕೀಲಿನ ಮೇಲೆ ಯಾವ ಅಳತೆಯೂ ನಿಲ್ಲಲಾರದು.