ಆಕಾಶದಾಗ ಮಾತು ತಪ್ಪಿದರೆ?



"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬ ಗಾದೆ ನಮಗೆಲ್ಲಾ ಗೊತ್ತು. ವಿಮಾನದಾಗ ಈ ಗಾದೆ ಇನ್ನೂ ಖರೇ. ನಮ್ಮ ಹೊಸರಿತ್ತಿಯ ಮೇಲೆ ಎತ್ತರದಲ್ಲಿ ವಿಮಾನ ಹೋಗುವುದನ್ನು ನೋಡಿರುತ್ತೀರಿ. ಅದರ ಪೈಲಟ್ ತಮ್ಮ ಮನಸ್ಸಿಗೆ ಬಂದ ಹಾಗೆ ಹಾರಿಸುವಂತಿಲ್ಲ. ನೆಲದ ಮೇಲೆ ಕುಳಿತ ವಾಯು ಸಂಚಾರ ನಿಯಂತ್ರಕರು, ಅಂದ್ರ ಕಂಟ್ರೋಲರ್‌ಗಳು, ರೇಡಿಯೋದಲ್ಲಿ ಹೇಳಿದ ಎತ್ತರ ಮತ್ತು ದಿಕ್ಕನ್ನು ಹಿಡಿಯಬೇಕು. ಅವರು ಒಬ್ಬರ ಮುಖ ಒಬ್ಬರು ನೋಡೋದಿಲ್ಲ. ಬರೀ ಮಾತೇ ಆಧಾರ. ಆ ಮಾತು ತಪ್ಪಿದರೆ ಏನಾಗತೈತಿ, ತಪ್ಪದಂಗ ಏನು ಮಾಡ್ಯಾರ ಅನ್ನೋದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ನಮ್ಮ ಬಸ್ಸಿನಿಂದ ಸುರು ಮಾಡೋಣ. ಕಂಡಕ್ಟರ್ ಒಂದು ಸೀಟಿ ಊದಿದರೆ ಬಸ್ ನಿಲ್ಲಬೇಕು, ಎರಡು ಊದಿದರೆ ಅಥವಾ "ರೈಟ್" ಅಂದರೆ ಹೊರಡಬೇಕು. ಬಾಗಿಲಾಗ ನಿಂತವರು ಯಾರೋ ಬೇರೆ ಮಾತಿಗೆ "ರೈಟ್ ರೈಟ್" ಅಂದುಬಿಟ್ಟರೆ? ಡ್ರೈವರ್ ಬಸ್ ಬಿಡಬಹುದು, ಇಳಿಯುವ ಅಜ್ಜಿ ಬೀಳಬಹುದು. ಅದಕ್ಕೇ ಆ ಮಾತು ಕಂಡಕ್ಟರ್ ಬಾಯಾಗ ಮಾತ್ರ ಇರಬೇಕು.

ಹಿಂಥಾದ್ದೇ ಒಂದು ಮಾತಿನಿಂದ 27-3-1977 ರಂದು ಸ್ಪೇನ್ ದೇಶದ ಟೆನೆರೀಫ್ ದ್ವೀಪದಲ್ಲಿ ಘೋರ ಅಪಘಾತವಾಯಿತು. ದಟ್ಟ ಮಂಜು ಬಿದ್ದಿತ್ತು. ಒಂದೇ ರನ್‌ವೇ ಮೇಲೆ ಎರಡು ದೊಡ್ಡ ಬೋಯಿಂಗ್ 747 ವಿಮಾನಗಳಿದ್ದವು. ಮೇಲೇರಿದ ಮೇಲೆ ಹಿಡಿಯಬೇಕಾದ ದಾರಿಯನ್ನು ಕಂಟ್ರೋಲರ್ ಕೆಎಲ್‌ಎಂ ವಿಮಾನಕ್ಕೆ ಹೇಳಿದರು. ಆ ಮಾತಿನಲ್ಲಿ "ಟೇಕಾಫ್" ಎಂಬ ಶಬ್ದವೂ ಇತ್ತು. ಕ್ಯಾಪ್ಟನ್ ಅವರು ಹೊರಡಲು ಅಪ್ಪಣೆ ಸಿಕ್ಕಿತು ಎಂದು ತಿಳಿದು ವಿಮಾನ ಓಡಿಸಿದರು. ಕಂಟ್ರೋಲರ್ "ಓಕೆ" ಎಂದು, ಸ್ವಲ್ಪ ತಡೆದು, ಕಾಯಿರಿ ಎಂದರು. ಅದೇ ಗಳಿಗೆಗೆ ಇನ್ನೊಂದು ವಿಮಾನದವರು ನಾವಿನ್ನೂ ರನ್‌ವೇ ಮೇಲೆ ಇದ್ದೇವೆ ಎಂದರು. ರೇಡಿಯೋದಲ್ಲಿ ಇಬ್ಬರು ಒಮ್ಮೆಲೇ ಮಾತಾಡಿದರೆ ಕಿರ್ ಎಂಬ ಸದ್ದು ಬಿಟ್ಟು ಬೇರೆ ಏನೂ ಸರಿಯಾಗಿ ಕೇಳೋದಿಲ್ಲ. ಕೆಎಲ್‌ಎಂ ವಿಮಾನದಾಗ "ಓಕೆ" ಅಷ್ಟೇ ಸ್ಪಷ್ಟ ಕೇಳಿಸಿತು. 583 ಜನ ಸತ್ತರು. ಆಮೇಲೆ ಜಗತ್ತಿನ ವಿಮಾನಗಳಿಗೆಲ್ಲಾ ಹೊಸ ಪದ್ಧತಿ ಬಂತು. ಹೊರಡಲು ಅಪ್ಪಣೆ ಕೊಡುವಾಗ ಅಥವಾ ಕೊಟ್ಟ ಅಪ್ಪಣೆ ರದ್ದು ಮಾಡುವಾಗ ಮಾತ್ರ "ಟೇಕಾಫ್" ಅನ್ನಬೇಕು. ಉಳಿದ ಕಡೆ "ಡಿಪಾರ್ಚರ್" ಅನ್ನಬೇಕು.

ಎರಡನೆಯದು 19-2-1989 ರಂದು ಮಲೇಷ್ಯಾದ ಕೌಲಾಲಂಪುರದ ಹತ್ತಿರ ಆಗಿದ್ದು. ಅದು ಸಾಮಾನು ಸಾಗಿಸುವ ವಿಮಾನ. 2400 ಅಡಿಗೆ ಇಳಿಯಿರಿ ಎನ್ನಲು ಕಂಟ್ರೋಲರ್ ಇಂಗ್ಲಿಷಿನಲ್ಲಿ "ಡಿಸೆಂಡ್ ಟೂ ಫೋರ್ ಝೀರೋ ಝೀರೋ" ಎಂದರು. "ಟೂ" ಅಂದರೆ ಎರಡು. ಅದರಂತೆಯೇ ಕೇಳುವ "ಟು" ಅಂದರೆ ಕನ್ನಡದ "ಗೆ". ಪೈಲಟ್‌ಗೆ 400 ಅಡಿ"ಗೆ" ಇಳಿಯಿರಿ ಎಂದು ಕೇಳಿಸಿತು. ಅವರು "ಓಕೆ, ಫೋರ್ ಝೀರೋ ಝೀರೋ" ಎಂದು ತಿರುಗಿ ಹೇಳಿದರು. ಆ ತಪ್ಪನ್ನು ಕಂಟ್ರೋಲರ್ ಹಿಡಿಯಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ಅದರಲ್ಲಿದ್ದ ನಾಲ್ವರೂ ಸತ್ತರು. "ಎರಡು ಸಾವಿರದ ನಾಲ್ಕು ನೂರು ಅಡಿ" ಎಂದು ಬಿಡಿಸಿ ಹೇಳಿದ್ದರೆ ಈ ಗೊಂದಲ ಬರುತ್ತಿರಲಿಲ್ಲ.

ನಮ್ಮ ದೇಶದ ದೊಡ್ಡ ದುರಂತ 12-11-1996 ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ನಡೆಯಿತು. ದಿಲ್ಲಿಯಿಂದ ಹೊರಟ ಸೌದಿ ವಿಮಾನಕ್ಕೆ 14,000 ಅಡಿ, ದಿಲ್ಲಿಗೆ ಬರುತ್ತಿದ್ದ ಕಜಕಿಸ್ತಾನದ ವಿಮಾನಕ್ಕೆ 15,000 ಅಡಿ ಎತ್ತರ ಕೊಟ್ಟಿದ್ದರು. ಕಂಟ್ರೋಲರ್ ಎದುರಿನ ವಿಮಾನದ ಸುದ್ದಿಯನ್ನೂ ಅದರ ಎತ್ತರವನ್ನೂ ಹೇಳಿದ್ದರು. ಆದರೂ ಕಜಕ್ ವಿಮಾನ 15,000 ಬಿಟ್ಟು ಕೆಳಗೆ ಇಳಿಯಿತು. ಎರಡೂ ಡಿಕ್ಕಿ ಹೊಡೆದು 349 ಜನ ಸತ್ತರು, ಒಬ್ಬರೂ ಉಳಿಯಲಿಲ್ಲ. ನ್ಯಾಯಮೂರ್ತಿ ಲಾಹೋಟಿ ಅವರ ಆಯೋಗ ತನಿಖೆ ಮಾಡಿತು. ಕಜಕ್ ಸಿಬ್ಬಂದಿಗೆ ಇಂಗ್ಲಿಷ್ ಸಾಲದೆ, ಹೇಳಿದ್ದನ್ನು ತಪ್ಪಾಗಿ ತಿಳಿದರು ಎಂದು ಅದು ಹೇಳಿತು.

ಇಷ್ಟೆಲ್ಲಾ ಜೀವ ಹೋದ ಮೇಲೆ ಗಟ್ಟಿಯಾದ ಪದ್ಧತಿ ಹೀಗಿದೆ:

1. ಕಂಟ್ರೋಲರ್ ಹೇಳಿದ ಎತ್ತರ, ದಿಕ್ಕು, ರನ್‌ವೇಯನ್ನು ಪೈಲಟ್ ತಿರುಗಿ ಹೇಳಬೇಕು.
2. ತಿರುಗಿ ಹೇಳಿದ್ದನ್ನು ಕಂಟ್ರೋಲರ್ ಕಿವಿಗೊಟ್ಟು ಕೇಳಬೇಕು, ತಪ್ಪಿದ್ದರೆ ಆಗಲೇ ತಿದ್ದಬೇಕು.
3. "ರೋಜರ್" ಅಂದರೆ "ನಿಮ್ಮ ಮಾತು ಮುಟ್ಟಿತು" ಅಂತ ಅಷ್ಟೇ. ಎತ್ತರ ಹೇಳಿದಾಗ ಬರೀ "ರೋಜರ್" ಅಂದರೆ ನಡೆಯೋದಿಲ್ಲ.
4. ಅಂಕಿ ಗೊಂದಲ ಆಗದಂಗ 9 ಕ್ಕೆ "ನೈನರ್", 5 ಕ್ಕೆ "ಫೈಫ್" ಅನ್ನಬೇಕು. ಅಕ್ಷರಕ್ಕೂ ಹೆಸರುಗಳಿವೆ. ಭಾರತದ ವಿಮಾನಗಳ ನಂಬರಿನ ಮೊದಲ ಅಕ್ಷರ "ವಿಟಿ"ಯನ್ನು "ವಿಕ್ಟರ್ ಟ್ಯಾಂಗೋ" ಅಂತಾರ.

ಇಷ್ಟಾದರೂ ಒಂದು ಸಂದು ಉಳಿಯತೈತಿ. ಅದು ನಮ್ಮ ರಾಜ್ಯದಾಗೇ ಕಂಡಿತು. 2022 ರ ಜನವರಿಯ ಒಂದು ಮುಂಜಾನೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡು ರನ್‌ವೇಗಳಿಂದ ಎರಡು ಇಂಡಿಗೋ ವಿಮಾನಗಳು ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಮೇಲೇರಿದವು. ಒಂದು ಕೋಲ್ಕತ್ತಾಕ್ಕೆ, ಒಂದು ಭುವನೇಶ್ವರಕ್ಕೆ. ಅವು ಒಂದರ ಕಡೆ ಒಂದು ಬರುತ್ತಿದ್ದುದನ್ನು ರಾಡಾರ್ ಕಂಟ್ರೋಲರ್ ನೋಡಿ, ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಎಲ್ಲರೂ ಉಳಿದರು. ಇಲ್ಲಿ ಪೈಲಟ್‌ಗಳು ತಪ್ಪು ಕೇಳಿರಲಿಲ್ಲ. ದಕ್ಷಿಣದ ರನ್‌ವೇ ನಿಲ್ಲಿಸಿ ಉತ್ತರದ್ದೊಂದನ್ನೇ ಬಳಸೋಣ ಎಂದು ಪಾಳಿಯ ಮುಖ್ಯಸ್ಥರು ತೀರ್ಮಾನಿಸಿದ್ದರು. ಆ ಸುದ್ದಿ ದಕ್ಷಿಣ ಟವರಿನ ಕಂಟ್ರೋಲರ್‌ಗೆ ಮುಟ್ಟಿರಲಿಲ್ಲ! ಯಾರಿಗೆ ಹೇಳಬೇಕೋ ಅವರಿಗೆ ಹೇಳದಿದ್ದರೆ ತಿರುಗಿ ಹೇಳುವವರು ಯಾರು?

ಗೆಳೆಯರೇ, ಇದು ವಿಮಾನದವರಿಗೆ ಮಾತ್ರ ಅಂತ ತಿಳೀಬ್ಯಾಡ್ರಿ. ಹತ್ತಿಗೆ, ಮೆಣಸಿನಕಾಯಿಗೆ ಎಣ್ಣಿ ಹೊಡಿಯುವಾಗ ಒಂದು ಪಂಪಿಗೆ ಎಷ್ಟು ಹಾಕಬೇಕು ಅಂತ ಅಂಗಡಿಯವರು ಹೇಳ್ತಾರ. ಅಜ್ಜನ ಗುಳಿಗಿ ದಿನಕ್ಕ ಎಷ್ಟು ಸಲ ಅಂತ ಡಾಕ್ಟರ್ ಹೇಳ್ತಾರ. ಮನೆಯವರು ನಮ್ಮನ್ನೇ ಕಳಿಸ್ತಾರ, ನಾವು "ಹೂಂ" ಅಂದು ಬರ್ತೀವಿ. "ಹೂಂ" ಅಂದರೆ ಬರೀ ರೋಜರ್. ಅಂಗಡಿಯವರ ಮುಂದೆ ನಿಂತು "ಇಷ್ಟು ಹಾಕಬೇಕಲ್ರೀ?" ಅಂತ ಅಳತೆಯನ್ನು ಬಾಯಿಬಿಟ್ಟು ತಿರುಗಿ ಹೇಳಿರಿ. ಅವರು ಹೌದು ಅನ್ನೋತನಕ ಅಲ್ಲಿಂದ ಕದಲಬ್ಯಾಡ್ರಿ. ಅದಕ್ಕ ಅರ್ಧ ನಿಮಿಷವೂ ಹಿಡಿಯೋದಿಲ್ಲ.