ಬಿಸಿಲಿಗೆ ಎಂಥ ಪ್ಯಾಂಟು?

ಕಳೆದ ಬೇಸಿಗೆಯಲ್ಲಿ ಕೊಟ್ಟೂರು ಕಡೆಯ ಒಂದು ಶಾಲೆಗೆ ಹೋಗಿದ್ದೆ. ಏಳನೇ ತರಗತಿಯ ಹುಡುಗನೊಬ್ಬ ಅಂದು ಬಣ್ಣದ ಬಟ್ಟೆಯಲ್ಲಿ ಬಂದಿದ್ದ. ಅವತ್ತು ಅವನ ಹುಟ್ಟುಹಬ್ಬ. ಕಾಲಿಗೆ ಅಂಟಿಕೊಂಡಂತಿದ್ದ ಹೊಸ ಕರಿ ಜೀನ್ಸ್ ತೊಟ್ಟಿದ್ದ. ಹನ್ನೆರಡು ಗಂಟೆಯ ಹೊತ್ತಿಗೆ ಬೆಂಚಿನ ಮೇಲೆ ಕೂರಲಾಗದೆ ಒದ್ದಾಡುತ್ತಿದ್ದ. "ಬಿಸಿಲಿಗೆ ಹತ್ತಿ ಬಟ್ಟೆ ಒಳ್ಳೆಯದು" ಎಂದು ನಾನು ಪಾಠ ಮುಗಿಸಿದ ಕೂಡಲೇ ಎದ್ದು ನಿಂತು ಕೇಳಿದ: "ಸಾರ್, ಜೀನ್ಸೂ ಹತ್ತೀದೇ ಅಂತೆ. ಮತ್ತೆ ನನ್ನ ತೊಡೆ ಯಾಕೆ ಹಿಂಗೆ ಉರೀತಾವು?"

ತರಗತಿ ನಕ್ಕಿತು. ನಾನು ನಗಲಿಲ್ಲ. ಅವನ ಪ್ರಶ್ನೆ ಸರಿಯಾಗಿತ್ತು, ನನ್ನ ಪಾಠ ಅರ್ಧವಾಗಿತ್ತು. ಉಳಿದ ಅರ್ಧವನ್ನು ಈಗ ನೋಡೋಣ ಬನ್ನಿ.

ತಂಪು ಮಾಡುವುದು ಬಟ್ಟೆಯಲ್ಲ!

ನಮ್ಮ ದೇಹ ಸದಾ ಶಾಖವನ್ನು ಉತ್ಪಾದಿಸುತ್ತಿರುತ್ತದೆ. ದೊಡ್ಡವರೊಬ್ಬರು ಸುಮ್ಮನೆ ಕುಳಿತಾಗಲೂ ಅವರ ದೇಹದಿಂದ ಸುಮಾರು 100 ವ್ಯಾಟಿನ ಬಲ್ಬಿನಷ್ಟು ಶಾಖ ಹೊರಬರುತ್ತದೆ. ಚಳಿಗಾಲದಲ್ಲಿ ಈ ಶಾಖ ಸುತ್ತಲಿನ ಗಾಳಿಗೆ ಸುಲಭವಾಗಿ ಹೋಗುತ್ತದೆ. ಏಕೆಂದರೆ ಶಾಖ ಯಾವಾಗಲೂ ಬಿಸಿ ಇರುವ ಕಡೆಯಿಂದ ತಂಪಿರುವ ಕಡೆಗೆ ಹರಿಯುತ್ತದೆ.

ಆದರೆ ಕೂಡ್ಲಿಗಿಯಲ್ಲೋ ಹರಪನಹಳ್ಳಿಯಲ್ಲೋ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನವನ್ನು ನೆನಪಿಸಿಕೊಳ್ಳಿ. ಗಾಳಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು. ನಮ್ಮ ಚರ್ಮದ್ದು ಸುಮಾರು 35 ಡಿಗ್ರಿ. ಈಗ ಶಾಖ ಹರಿಯುವುದು ಎತ್ತ ಕಡೆಗೆ? ಗಾಳಿಯಿಂದ ನಮ್ಮ ಮೈಗೆ! ಆಗ ದೇಹಕ್ಕೆ ಉಳಿಯುವ ದಾರಿ ಒಂದೇ, ಬೆವರು.

ಒಂದು ಗ್ರಾಂ ಬೆವರು ಆವಿಯಾಗುವಾಗ ಚರ್ಮದಿಂದ ಸುಮಾರು 580 ಕ್ಯಾಲೊರಿ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಇದೇ ಆವಿಯಾಗುವಿಕೆಯ ಗುಪ್ತೋಷ್ಣ. ಅಷ್ಟು ಶಾಖದಿಂದ 58 ಗ್ರಾಂ ನೀರನ್ನು 10 ಡಿಗ್ರಿಯಷ್ಟು ಬಿಸಿ ಮಾಡಬಹುದು. ಆದರೆ ನೆನಪಿಡಿ: ಆವಿಯಾದ ಬೆವರು ಮಾತ್ರ ತಂಪು ಮಾಡುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಪ್ರಯೋಜನವಿಲ್ಲ.

ಮನೆಯ ಮಣ್ಣಿನ ಗಡಿಗೆಯನ್ನು ನೋಡಿ. ಅದರ ಮೈಯಿಂದ ನೀರು ಜಿನುಗಿ ಆವಿಯಾಗುವುದರಿಂದ ಒಳಗಿನ ನೀರು ತಣ್ಣಗಿರುತ್ತದೆ. ಅದೇ ಗಡಿಗೆಗೆ ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟಿದರೆ? ನೀರು ತಣ್ಣಗಾಗುವುದಿಲ್ಲ. ನಮ್ಮ ಕಾಲು ಗಡಿಗೆ ಇದ್ದ ಹಾಗೆ. ಪ್ಯಾಂಟು ಅದರ ಮೇಲಿನ ಹೊದಿಕೆ. ಆ ಹೊದಿಕೆ ಬೆವರನ್ನು ಹೊರಗೆ ಬಿಡುತ್ತದೆಯೋ ಇಲ್ಲವೋ ಎಂಬುದೇ ಪ್ರಶ್ನೆ.

ನಾಲ್ಕು ಸಂಗತಿಗಳು

1. ನೂಲು: ಹತ್ತಿಯ ಎಳೆ ನೀರನ್ನು ಪ್ರೀತಿಸುತ್ತದೆ. ಸಾಧಾರಣ ತೇವವಿರುವ ಗಾಳಿಯಲ್ಲಿ ಇಟ್ಟರೆ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವವನ್ನು ತಾನಾಗಿಯೇ ಹೀರುತ್ತದೆ. ಪಾಲಿಯೆಸ್ಟರ್ ಹೀರುವುದು ಅರ್ಧ ಗ್ರಾಮಿಗಿಂತ ಕಡಿಮೆ. ಆದ್ದರಿಂದ ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಪ್ಯಾಂಟಿನೊಳಗೆ ಬೆವರು ಚರ್ಮದ ಮೇಲೆಯೇ ಉಳಿದು ಪಿಚಪಿಚ ಎನ್ನುತ್ತದೆ. ಹಾಗಾದರೆ ಕ್ರಿಕೆಟ್ ಆಟಗಾರರ ಪಾಲಿಯೆಸ್ಟರ್ ಅಂಗಿ? ಅದನ್ನು ಬೆವರು ಹರಡಿ ಬೇಗ ಆರುವಂತೆ, ಗಾಳಿಯಾಡುವಂತೆ ಬೇರೆ ರೀತಿಯಲ್ಲಿ ಹೆಣೆದಿರುತ್ತಾರೆ. ಇನ್ನು ಲಿನನ್ ಎಂಬ ಬಟ್ಟೆ ಹತ್ತಿಗಿಂತಲೂ ಹೆಚ್ಚು ತೇವ ಹೀರುತ್ತದೆ. ಅದು ಯಾವುದರ ನಾರು ಗೊತ್ತೇ? ನೀವು ರೊಟ್ಟಿಯ ಜೊತೆ ಚಟ್ನಿಪುಡಿ ಮಾಡಿ ತಿನ್ನುವ ಅಗಸೆ ಗಿಡದ್ದು!

2. ದಪ್ಪ: ಹುಟ್ಟುಹಬ್ಬದ ಹುಡುಗನ ಪ್ರಶ್ನೆಗೆ ಉತ್ತರ ಶುರುವಾಗುವುದು ಇಲ್ಲಿ. ಅಂಗಿಗೆ ಬಳಸುವ ತೆಳು ಹತ್ತಿ ಬಟ್ಟೆ ಚದರ ಮೀಟರಿಗೆ 100ರಿಂದ 150 ಗ್ರಾಂ ತೂಗುತ್ತದೆ. ಜೀನ್ಸ್ ಬಟ್ಟೆ ಸಾಮಾನ್ಯವಾಗಿ 300ರಿಂದ 450 ಗ್ರಾಂ. ಅದೂ ಹತ್ತಿಯೇ ನಿಜ, ಆದರೆ ಮೂರು ಪಟ್ಟು ಹತ್ತಿ! ಅದು ಬೆವರನ್ನು ಹೀರುತ್ತದೆ, ಬೇಗ ಬಿಟ್ಟುಕೊಡುವುದಿಲ್ಲ. 1873ರಲ್ಲಿ ಅಮೆರಿಕದ ದರ್ಜಿ ಜೇಕಬ್ ಡೇವಿಸ್ ಮತ್ತು ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಇಬ್ಬರೂ ಸೇರಿ, ಪ್ಯಾಂಟಿನ ಜೇಬು ಹರಿಯದಂತೆ ತಾಮ್ರದ ರಿವೆಟ್ ಬಡಿಯುವುದಕ್ಕೆ ಪೇಟೆಂಟ್ ಪಡೆದರು. ಅವು ಕೂಲಿ ಕೆಲಸದಲ್ಲಿ ಹರಿಯದಿರಲೆಂದು ಮಾಡಿದ ಪ್ಯಾಂಟುಗಳು, ತಂಪಿಗಾಗಿ ಅಲ್ಲ. ನಮ್ಮ ಪಕ್ಕದ ಬಳ್ಳಾರಿ ಜೀನ್ಸ್ ಹೊಲಿಯುವುದಕ್ಕೆ ಹೆಸರಾದ ಊರು. ಆದ್ದರಿಂದ ಜೀನ್ಸ್ ಮೇಲೆ ನಮಗೆ ಅಭಿಮಾನ ಇರಲಿ. ಆದರೆ ಅದನ್ನು ಡಿಸೆಂಬರಿಗೆ ಎತ್ತಿಡಿ!

3. ಅಳತೆ: ಬಿಗಿ ಪ್ಯಾಂಟಿಗೂ ಚರ್ಮಕ್ಕೂ ನಡುವೆ ಗಾಳಿ ಓಡಾಡಲು ಜಾಗವೇ ಇಲ್ಲ. ಸಡಿಲ ಪ್ಯಾಂಟಿನಲ್ಲಿ ನಾವು ಹೆಜ್ಜೆ ಇಟ್ಟಾಗಲೆಲ್ಲ ಬಟ್ಟೆ ಅಲುಗಿ, ತೇವದ ಗಾಳಿ ಹೊರಗೆ ಹೋಗಿ ಒಣಗಾಳಿ ಒಳಗೆ ಬರುತ್ತದೆ. ಅಂದರೆ ಪ್ಯಾಂಟೇ ಬೀಸಣಿಗೆ! ನಿಮ್ಮ ತಾತನ ಧೋತರ, ಪಟ್ಟಾಪಟ್ಟಿ ಚಡ್ಡಿ ನೋಡಿ ನಗಬೇಡಿ. ತೆಳು ಹತ್ತಿ, ಸಡಿಲ ಅಳತೆ ಎರಡೂ ಅವುಗಳಲ್ಲಿವೆ. ಹೆಣ್ಣುಮಕ್ಕಳೇ, ಮೈಗಂಟುವ ಲೆಗ್ಗಿಂಗ್ಸಿಗಿಂತ ಸಡಿಲ ಸಲ್ವಾರ್ ಬೇಸಿಗೆಗೆ ಏಕೆ ಹಿತವೆಂದು ಈಗ ನೀವೇ ಹೇಳಬಲ್ಲಿರಿ.

4. ಬಣ್ಣ: ಕಪ್ಪು ಬಣ್ಣ ಬಿಸಿಲನ್ನು ಹೆಚ್ಚು ಹೀರುತ್ತದೆ, ಬಿಳಿ ಹೆಚ್ಚು ಪ್ರತಿಫಲಿಸುತ್ತದೆ. ಇದು ನಿಮಗೆ ಗೊತ್ತು. ಆದರೆ ಮರುಭೂಮಿಯಲ್ಲಿ ಅಲೆಯುವ ಬೆದೂಯಿನ್ ಜನ ಕಪ್ಪು ನಿಲುವಂಗಿ ತೊಡುತ್ತಾರಲ್ಲ, ಹೇಗೆ? ವಿಜ್ಞಾನಿಗಳು ಪರೀಕ್ಷಿಸಿ 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿದರು. ಕಪ್ಪು ನಿಲುವಂಗಿ ಹೆಚ್ಚು ಶಾಖ ಹೀರುವುದು ನಿಜ. ಆದರೆ ಅದು ಬಹಳ ಸಡಿಲವಾಗಿರುವುದರಿಂದ ಆ ಹೆಚ್ಚಿನ ಶಾಖ ಚರ್ಮ ಮುಟ್ಟುವ ಮೊದಲೇ ಗಾಳಿಯೊಂದಿಗೆ ಹೊರಟುಹೋಗುತ್ತದೆ. ಹಾಗಾಗಿ ಅಷ್ಟು ಸಡಿಲವಾದ ಉಡುಪಿನಲ್ಲಿ ಕಪ್ಪಾದರೂ ಬಿಳಿಯಾದರೂ ಮೈಗೆ ಸೇರಿದ ಶಾಖ ಒಂದೇ! ಆದರೆ ಬಿಗಿ ಪ್ಯಾಂಟಿನಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಕಪ್ಪು ಎಂದರೆ ಬಿಸಿಯೇ.

ಈಗ ಆ ಹುಡುಗನ ಪ್ಯಾಂಟನ್ನು ಲೆಕ್ಕ ಹಾಕಿ. ನೂಲು ಸರಿ. ದಪ್ಪ, ಅಳತೆ, ಬಣ್ಣ ಮೂರೂ ತಪ್ಪು. ನಾಲ್ಕಕ್ಕೆ ಒಂದೇ ಅಂಕ!

ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: ಹಲವು ಸಲ ಒಗೆದ ಹಳೆಯ ಧೋತರ, ಹಳೆಯ ಜೀನ್ಸ್, ಹಳೆಯ ಪಾಲಿಯೆಸ್ಟರ್ ಬಟ್ಟೆ, ಇವುಗಳ ಅಂಗೈ ಅಗಲದ ಒಂದೊಂದು ತುಂಡು, ನೀರು, ಗಡಿಯಾರ.

ವಿಧಾನ:
ಅ) ಒಣ ತುಂಡನ್ನು ತುಟಿಗೆ ಹಿಡಿದು ಊದಿ. ಆಚೆ ಬದಿಯಲ್ಲಿ ಅಂಗೈ ಇಡಿ. ಯಾವುದರಿಂದ ಗಾಳಿ ಚೆನ್ನಾಗಿ ಬಂತು?
ಆ) ಪ್ರತಿ ತುಂಡಿನ ಮೇಲೂ ಒಂದು ಹನಿ ನೀರು ಬಿಡಿ. ಹನಿ ಹೀರಿಹೋಗಲು ಎಷ್ಟು ಸೆಕೆಂಡು ಬೇಕಾಯಿತು?
ಇ) ಮೂರನ್ನೂ ನೀರಿನಲ್ಲಿ ಅದ್ದಿ, ಹಿಂಡದೆ ನೆರಳಿನಲ್ಲಿ ತೂಗುಹಾಕಿ. ಯಾವುದು ಕೊನೆಗೆ ಒಣಗಿತು?

ಫಲಿತಾಂಶಗಳನ್ನು ಕೋಷ್ಟಕದಲ್ಲಿ ಬರೆಯಿರಿ. ಹನಿಯನ್ನು ಬೇಗ ಹೀರಿ, ಬೇಗ ಒಣಗಿ, ಗಾಳಿಯನ್ನೂ ಬಿಡುವ ಬಟ್ಟೆಯೇ ಬಿಸಿಲಿನ ಗೆಳೆಯ.

ಚೆಂದವೂ ಬೇಕಲ್ಲವೇ?

ಬೇಕು! ಮದುವೆ, ಜಾತ್ರೆಗೆ ಚೆಂದ ಕಾಣಬೇಕೆನ್ನುವುದು ತಪ್ಪಲ್ಲ. ದರ್ಜಿಯ ಹತ್ತಿರ ಹೋದಾಗ ತೆಳು ಹತ್ತಿ ಬಟ್ಟೆ, ತಿಳಿ ಬೂದು ಅಥವಾ ಮಣ್ಣಿನ ಬಣ್ಣ ಆರಿಸಿ. ಸೊಂಟದ ಬಳಿ ಒಂದೆರಡು ನೆರಿಗೆ ಇಟ್ಟು, ತೊಡೆಯ ಹತ್ತಿರ ಸಡಿಲ ಬಿಟ್ಟು, ಹಿಮ್ಮಡಿ ಕಾಣುವಂತೆ ಹೊಲಿಯಲು ಹೇಳಿ. ತೊಟ್ಟು ನೋಡುವಾಗ ಕುಕ್ಕರಗಾಲಿನಲ್ಲಿ ಕೂತು ನೋಡಿ. ತೊಡೆಯ ಬಳಿ ಬಟ್ಟೆಯನ್ನು ಚಿವುಟಿ ಎತ್ತಿದರೆ ಎರಡು ಬೆರಳಿನ ಅಗಲದಷ್ಟು ಸಿಗಬೇಕು. ಇಸ್ತ್ರಿ ಮಾಡಿದ ಇಂಥ ಪ್ಯಾಂಟು ಯಾವ ಜೀನ್ಸಿಗೂ ಕಡಿಮೆಯಲ್ಲ. ದಿನವೂ ಒಗೆದು ಬಿಸಿಲಿಗೆ ಹರವಿ. ತೇವದ ಬಿಗಿ ಬಟ್ಟೆಯಿಂದಲೇ ತೊಡೆಸಂದಿಯಲ್ಲಿ ಬೆವರುಸಾಲೆ, ಗಜಕರ್ಣ ಹೆಚ್ಚುತ್ತವೆ.

ಬಟ್ಟೆಗೂ ಮಿತಿ ಇದೆ

ಗುಡೇಕೋಟೆಯ ಕಾಡಿನ ಕರಡಿಗೆ ಕಪ್ಪು ಕೂದಲಿನ ಹೊದಿಕೆಯನ್ನು ಬಿಚ್ಚಿಡಲು ಆಗುವುದಿಲ್ಲ. ಅದು ಹಗಲು ಬಂಡೆಗಳ ಗವಿಯಲ್ಲಿ ಮಲಗಿ, ಸಂಜೆ ಹೊರಬರುತ್ತದೆ. ಹಡಗಲಿಯಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುವವರು ನಸುಕಿನಲ್ಲೇ ತೋಟಕ್ಕೆ ಇಳಿಯುತ್ತಾರೆ. ನೀವೂ ಹನ್ನೆರಡರಿಂದ ಮೂರರವರೆಗೆ ಬಯಲಿನಲ್ಲಿ ಆಡಬೇಡಿ. ನೀರು, ಮಜ್ಜಿಗೆ ಕುಡಿಯುತ್ತಿರಿ. ನೀರಿಲ್ಲದಿದ್ದರೆ ಬೆವರಿಲ್ಲ, ಬೆವರಿಲ್ಲದಿದ್ದರೆ ಯಾವ ಪ್ಯಾಂಟೂ ತಂಪಲ್ಲ.

ಬಿಸಿಲಿನಲ್ಲಿದ್ದ ಗೆಳೆಯನ ಮೈ ಕಾದ ಹೆಂಚಿನಂತೆ ಸುಡುತ್ತಿದ್ದು, ಅವನು ತಡವರಿಸಿ ಮಾತಾಡಿದರೆ ಅಥವಾ ಕುಸಿದರೆ ಅದು ಶಾಖಾಘಾತ ಇರಬಹುದು. ತಕ್ಷಣ ದೊಡ್ಡವರನ್ನು ಕರೆಯಿರಿ, 108ಕ್ಕೆ ಫೋನ್ ಮಾಡಿಸಿ. ಅವನನ್ನು ನೆರಳಿಗೆ ತಂದು, ಬಿಗಿ ಬಟ್ಟೆ ಸಡಿಲಿಸಿ, ಮೈಗೆ ನೀರು ಹಚ್ಚಿ ಗಾಳಿ ಬೀಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ.

ಯೋಚಿಸಿ: ಹಗರಿಬೊಮ್ಮನಹಳ್ಳಿಯ ಒಣಗಾಳಿಯಲ್ಲಿ 38 ಡಿಗ್ರಿಯನ್ನು ತಡೆದುಕೊಳ್ಳುವ ಹುಡುಗಿ ಮಂಗಳೂರಿನ ಕಡಲತೀರದಲ್ಲಿ 33 ಡಿಗ್ರಿಗೇ ಬೆವರಿ ಸೋತುಹೋದಳು. ಏಕೆ? ಗಡಿಗೆಯನ್ನು ನೆನಪಿಸಿಕೊಳ್ಳಿ, ಉತ್ತರ ಹೊಳೆಯುತ್ತದೆ.