ಸಿಹಿನೀರಿನ ತೊರಕೆ: ಅಸಲು ಕರಗಿಸುವ ವ್ಯಾಪಾರ

ಲೆಕ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು ಬಂಡವಾಳಕ್ಕೂ ಆದಾಯಕ್ಕೂ ಇರುವ ವ್ಯತ್ಯಾಸ. ಬಡ್ಡಿಯಲ್ಲಿ ಬದುಕುವವನ ಸಂಸಾರ ನಡೆಯುತ್ತದೆ. ಅಸಲನ್ನೇ ಆದಾಯವೆಂದು ಭಾವಿಸಿ ಖರ್ಚು ಮಾಡುವವನ ಅಂಗಡಿಯ ಬಾಗಿಲು ಬಹುಕಾಲ ತೆರೆದಿರುವುದಿಲ್ಲ. ಈ ನಿಯಮವು ನದಿಯ ಮೀನಿಗೂ ಅನ್ವಯಿಸುತ್ತದೆ ಎಂಬುದಕ್ಕೆ ದಕ್ಷಿಣ ಅಮೆರಿಕದ ಸಿಹಿನೀರಿನ ತೊರಕೆಯ ವ್ಯಾಪಾರ ಒಂದು ನಿದರ್ಶನ.

ಕರ್ನಾಟಕದ ಕರಾವಳಿಯವರಿಗೆ ತೊರಕೆ ಎಂದರೆ ಸಮುದ್ರದ ಮೀನು. ಬಾಲದಲ್ಲಿ ವಿಷದ ಮುಳ್ಳುಳ್ಳ ಈ ಚಪ್ಪಟೆ ಮೀನಿನ ಒಂದು ಕುಟುಂಬ ಮಾತ್ರ ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ, ಪರಾನಾ ಮೊದಲಾದ ನದಿಗಳಲ್ಲಿ ನೆಲೆಸಿದೆ. ಇವುಗಳ ಪೂರ್ವಜರು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಿಂದ ಬಂದವು. ಉಪ್ಪುನೀರಿನಲ್ಲಿ ಬದುಕಲು ಅಗತ್ಯವಾದಷ್ಟು ಯೂರಿಯಾವನ್ನು ರಕ್ತದಲ್ಲಿ ಹಿಡಿದಿಡುವ ಶಕ್ತಿಯನ್ನು ಅವು ಈಗ ಕಳೆದುಕೊಂಡಿವೆ. ಮರಳಿ ಸಮುದ್ರ ಸೇರುವ ದಾರಿ ಮುಚ್ಚಿದೆ. ನದಿ ಕೆಟ್ಟರೆ ಅವಕ್ಕೆ ಬೇರೆ ವಿಳಾಸವಿಲ್ಲ.

ಅಕ್ವೇರಿಯಂ ಹವ್ಯಾಸಿಗಳು ಅತ್ಯಂತ ಬಯಸುವ ಪ್ರಭೇದಗಳಲ್ಲೊಂದು ಬ್ರೆಜಿಲ್‌ನ ಶಿಂಗು ನದೀ ಕಣಿವೆಯ ಪೊಟಾಮೊಟ್ರೈಗಾನ್ ಲಿಯೊಪೋಲ್ಡಿ. ಕಪ್ಪು ಮೈಮೇಲೆ ಬಿಳಿಯ ಚುಕ್ಕೆಗಳು. ಕತ್ತಲಲ್ಲಿ ಹರಡಿದ ಅಕ್ಷತೆಯಂತೆ ತೋರುವ ಮೀನು. 1970ರಲ್ಲಿ ವಿಜ್ಞಾನಿಗಳು ಬೆಲ್ಜಿಯಂನ ದೊರೆ ಮೂರನೆಯ ಲಿಯೊಪೋಲ್ಡನ ಹೆಸರನ್ನು ಇದಕ್ಕಿಟ್ಟರು. ಅದರ ಬೆಲೆ ಚುಕ್ಕೆಗಳ ಅಂದವನ್ನೂ ವಿರಳತೆಯನ್ನೂ ಅವಲಂಬಿಸಿದೆ.

ಅಪಾಯವೂ ಈ ವಿರಳತೆಯಲ್ಲೇ ಇದೆ. ರೋಹು, ಕಾಟ್ಲಾ ಮೀನುಗಳು ಒಂದು ಋತುವಿನಲ್ಲಿ ಲಕ್ಷಗಟ್ಟಲೆ ಮೊಟ್ಟೆಯಿಡುತ್ತವೆ. ತೊರಕೆ ಮೊಟ್ಟೆಯಿಡುವುದಿಲ್ಲ, ತಿಂಗಳುಗಟ್ಟಲೆ ಮರಿಗಳನ್ನು ಗರ್ಭದಲ್ಲಿಟ್ಟು, ಗರ್ಭಾಶಯದಲ್ಲಿ ಸ್ರವಿಸುವ ಹಾಲಿನಂಥ ದ್ರವವನ್ನುಣಿಸಿ, ಕೆಲವೇ ಮರಿಗಳನ್ನು ಹೆರುತ್ತದೆ. ಆ ಮರಿಗಳು ಪ್ರಾಯಕ್ಕೆ ಬರಲು ವರ್ಷಗಳೇ ಬೇಕು. ಈ ಖಾತೆಯಲ್ಲಿ ಬಡ್ಡಿಯ ದರ ತೀರಾ ಕಡಿಮೆ. ಬಲಿತ ಹೆಣ್ಣನ್ನು ಹಿಡಿದು ಮಾರಿದರೆ ಕರಗುವುದು ಅಸಲು.

ಮಾರುಕಟ್ಟೆಯ ವೇಗ ವಿಜ್ಞಾನಕ್ಕಿಂತ ಹೆಚ್ಚು. ರಿಯೊ ನೆಗ್ರೊ ನದಿಯ ‘ಕುರುರು’ ಎಂಬ ಪುಟ್ಟ ತೊರಕೆ ಹಲವು ವರ್ಷಗಳ ಕಾಲ ರಫ್ತಾಗುತ್ತಿತ್ತು. ಅದಕ್ಕೆ ಪೊಟಾಮೊಟ್ರೈಗಾನ್ ವ್ಯಾಲೇಸಿ ಎಂಬ ಶಾಸ್ತ್ರೀಯ ಹೆಸರು ದೊರೆತದ್ದು 2016ರಲ್ಲಿ. ಸರಕಿನ ಹೆಸರು ನಮೂದಾಗುವ ಮೊದಲೇ ದಾಸ್ತಾನು ಕರಗಲಾರಂಭಿಸಿತ್ತು.

ಹಾಗೆಂದು ವ್ಯಾಪಾರವನ್ನು ಸಂಪೂರ್ಣವಾಗಿ ನಿಲ್ಲಿಸುವುದೇ ಪರಿಹಾರವೆನ್ನಲಾಗದು. ಅದೇ ರಿಯೊ ನೆಗ್ರೊ ತೀರದಲ್ಲಿ ಪ್ರವಾಸಿಗರ ಕಾಲಿಗೆ ಮುಳ್ಳು ಚುಚ್ಚದಿರಲೆಂದು ತೊರಕೆಗಳನ್ನು ಕೊಂದು ಮರಳದಂಡೆಗಳನ್ನು ಶುಚಿಗೊಳಿಸುವ ಪದ್ಧತಿಯೂ ಕಂಡುಬಂದಿದೆ. ಬೆಲೆಯಿಲ್ಲದ ಮೀನು ಪೀಡೆಯೆನಿಸುತ್ತದೆ. ಅತಿ ಬೆಲೆಯ ಮೀನು ಕಳ್ಳಸಾಗಣೆಗೆ ಗುರಿಯಾಗುತ್ತದೆ. ಇವೆರಡರ ನಡುವಿನ ಮಾರ್ಗವಾಗಿ ಬ್ರೆಜಿಲ್ ಸರ್ಕಾರವು ಪ್ರಭೇದವಾರು ರಫ್ತು ಮಿತಿಗಳನ್ನು ನಿಗದಿಪಡಿಸುತ್ತ ಬಂದಿತು.

ಆದರೆ ಗಟ್ಟಿಯಾದ ಪೈಪೋಟಿ ಎದುರಾದದ್ದು ಏಷ್ಯಾದಿಂದ. ಥಾಯ್ಲೆಂಡ್, ತೈವಾನ್, ಇಂಡೊನೇಷ್ಯಾ, ಸಿಂಗಪುರಗಳ ಸಾಕಣೆ ಕೇಂದ್ರಗಳಲ್ಲಿ ತೊರಕೆಗಳು ಮರಿ ಹಾಕುತ್ತಿವೆ. ಚುಕ್ಕೆಗಳ ಅಂದಕ್ಕಾಗಿ ತಳಿಗಳನ್ನು ಬೆರೆಸಲಾಗುತ್ತಿದೆ. ಬ್ರೆಜಿಲ್‌ಗೆ ಇದು ಹಳೆಯ ಅನುಭವ. 1876ರಲ್ಲಿ ಹೆನ್ರಿ ವಿಕ್ಹ್ಯಾಮ್ ಅಲ್ಲಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಒಯ್ದನು. ಆ ಸಸಿಗಳಿಂದ ಏಷ್ಯಾದ ತೋಟಗಳು ಬೆಳೆದು ಅಮೆಜಾನಿನ ರಬ್ಬರ್ ವ್ಯಾಪಾರ ಕುಸಿಯಿತು. ಪುತ್ತೂರು, ಸುಳ್ಯಗಳ ರಬ್ಬರ್ ತೋಟಗಳ ಮೂಲವೂ ಅದೇ ಕಾಡು.

ಸಾಕಿದ ಮರಿಯಿಂದ ಕಾಡಿನ ಮೀನಿನ ಮೇಲಿನ ಒತ್ತಡ ಕಡಿಮೆಯಾಗಬಹುದು. ಆದರೆ ಅದರ ಲಾಭದಲ್ಲಿ ನದಿಗೆ ಪಾಲು ದೊರೆಯದು. ನದಿಯಿಂದ ಜೀವನೋಪಾಯ ಕಾಣದ ಬೆಸ್ತನಿಗೆ ನದಿಯನ್ನು ಕಾಯಲು ಕಾರಣವೂ ಉಳಿಯದು. ಶಿಂಗು ನದಿಗೆ ಕಾವಲುಗಾರರ ಅಗತ್ಯವಂತೂ ಇದೆ. ಅಲ್ಲಿನ 11,233 ಮೆಗಾವಾಟ್ ಸಾಮರ್ಥ್ಯದ ಬೆಲೊ ಮೊಂಟೆ ಜಲವಿದ್ಯುತ್ ಯೋಜನೆಯು 2016ರಲ್ಲಿ ಉತ್ಪಾದನೆ ಆರಂಭಿಸಿತು. ನೀರಿನ ಬಹುಭಾಗವನ್ನು ಕಾಲುವೆಗೆ ತಿರುಗಿಸಿದ್ದರಿಂದ ನದಿಯ ‘ಮಹಾ ತಿರುವು’ ಎಂಬ ಸುಮಾರು ನೂರು ಕಿಲೋಮೀಟರ್ ಹರಿವು ಕ್ಷೀಣಿಸಿತು. ಬಂಡೆಗಳ ನಡುವಿನ ಮೀನು ಹಿಡಿದು ಬದುಕುತ್ತಿದ್ದವರ ಕಸುಬಿಗೂ ಪೆಟ್ಟು ಬಿದ್ದಿತು.

2022ರ ನವೆಂಬರಿನಲ್ಲಿ ಪನಾಮಾ ನಗರದಲ್ಲಿ ಸೇರಿದ ಸೈಟಿಸ್ ಒಪ್ಪಂದದ ಸದಸ್ಯ ರಾಷ್ಟ್ರಗಳು, ಬ್ರೆಜಿಲ್‌ನ ಪ್ರಸ್ತಾವದಂತೆ, ಲಿಯೊಪೋಲ್ಡಿ ಮತ್ತು ವ್ಯಾಲೇಸಿ ಸೇರಿದಂತೆ ಏಳು ಪ್ರಭೇದಗಳನ್ನು ಎರಡನೆಯ ಅನುಬಂಧಕ್ಕೆ ಸೇರಿಸಿದವು. ಅದರಂತೆ, ಕಾಡಿನ ಮೀನನ್ನು ರಫ್ತು ಮಾಡಬೇಕಾದರೆ ಅದರಿಂದ ಪ್ರಭೇದದ ಉಳಿವಿಗೆ ಧಕ್ಕೆಯಿಲ್ಲವೆಂದು ಆ ದೇಶದ ವೈಜ್ಞಾನಿಕ ಪ್ರಾಧಿಕಾರ ನಿರ್ಧರಿಸಿರಬೇಕು. ಸಾಕಿದ ಮೀನಿಗೂ ಮೂಲದ ದಾಖಲೆ ಬೇಕು.

ಭಾರತದ ವರ್ತಕರಿಗೂ ಈ ವಿಷಯ ದೂರದ್ದಲ್ಲ. ವನ್ಯಜೀವಿ ಸಂರಕ್ಷಣಾ ತಿದ್ದುಪಡಿ ಕಾಯ್ದೆ, 2022, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ನಾಲ್ಕನೆಯ ಅನುಸೂಚಿಯಲ್ಲಿ ನಮೂದಾದ ವಿದೇಶಿ ಜೀವಿಗಳನ್ನು ಹೊಂದಿರುವವರು ಮಾಹಿತಿ ನೀಡಿ ನೋಂದಾಯಿಸಿಕೊಳ್ಳುವುದು ಕಡ್ಡಾಯ. ಆದ್ದರಿಂದ ಅಕ್ವೇರಿಯಂ ವರ್ತಕರು ಖರೀದಿಗೆ ಮುನ್ನ ಅನುಸೂಚಿಯನ್ನು ಪರಿಶೀಲಿಸಿ, ಮೀನಿನ ಮೂಲ, ಆಮದು ಮತ್ತು ಖರೀದಿಯ ದಾಖಲೆಗಳನ್ನು ಜೋಪಾನವಾಗಿಡುವುದು ಹಿತಕರ.

ದಾಖಲೆಯ ಹಾಳೆ ಮೀನನ್ನು ಹೆರುವುದಿಲ್ಲ, ನಿಜ. ಆದರೆ ಮಾರಿದ್ದು ಬಡ್ಡಿಯೋ ಅಸಲೋ ಎಂಬುದು ತಿಳಿಯುವುದು ಆ ಹಾಳೆಯಿಂದಲೇ. ಅಷ್ಟೂ ಲೆಕ್ಕವಿಡದ ವ್ಯಾಪಾರ, ಲಾಭ ತೋರಿಸುತ್ತಲೇ ದಿವಾಳಿಯಾಗುತ್ತದೆ.